ಕೆಂಪು ಶಾಯಿಯ ಗೆರೆ

“ಈ ಸಾಲು ಎಲ್ಲಿಂದ ಎತ್ತಿದ್ದು?”

ದೋಹಾದ ನಜ್ಮಾ ಬಡಾವಣೆಯ ಪುಟ್ಟ ಟೈಲರ್ ಅಂಗಡಿಯಲ್ಲಿ ನಿಂತು ನಾನು ಕೇಳಿದಾಗ, ಪುತ್ತೂರಿನ ಹಮೀದ್ ಹೊಲಿಗೆ ಯಂತ್ರದಿಂದ ತಲೆಯೆತ್ತಿದರು. ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆ ಅವರು ಪ್ರಬಂಧ ಕಳಿಸಿದ್ದರು, ಸಂಪಾದಕ ನಾನು. ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಪ್ರಬಂಧ ಬರೆಯುವುದನ್ನು ಕಲಿಸಿ ಕಲಿಸಿ, ಕದ್ದ ಬರಹದ ವಾಸನೆ ನನ್ನ ಮೂಗಿಗೆ ಬೇಗ ಬಡಿಯುತ್ತದೆ. ‘ಈ ಊರಲ್ಲಿ ನೆರಳು ಕೂಡ ಬಾಡಿಗೆಯದ್ದೇ’ ಎಂಬ ಅವರ ಸಾಲು, ಹೋದ ವರ್ಷ ಅಚ್ಚಾದ ನನ್ನ ಪ್ರಬಂಧ ಸಂಕಲನದಲ್ಲಿ ಹಾಗೆಯೇ ಇತ್ತು. ಪುಸ್ತಕವನ್ನು ಜೊತೆಗೇ ಒಯ್ದಿದ್ದೆ. ಆ ಪುಟ ತೆರೆದು ಅವರ ಮುಂದಿಟ್ಟೆ.

ಹಮೀದ್ ನಿಧಾನವಾಗಿ ಓದಿದರು. ಎದ್ದು ಹೋಗಿ, ಗುಂಡಿಗಳ ಡಬ್ಬಿಯ ಅಡಿಯಿಂದ ಮಡಚಿದ ಹಾಳೆಗಳನ್ನು ಎಳೆದರು. ಓಹೋ, ಈಗೊಂದು ಕತೆ ಕಟ್ಟುತ್ತಾರೆ ಅಂದುಕೊಂಡೆ.

“ಇದು ಮೂರು ವರ್ಷ ಮೊದಲು ನಿಮಗೇ ಕೊಟ್ಟದ್ದು ಸರ್. ಸಂಚಿಕೆಯಲ್ಲಿ ಜಾಗ ಇಲ್ಲ ಅಂತ ನೀವು ವಾಪಸ್ ಕಳಿಸಿದ್ದು. ಈಗ ಸ್ವಲ್ಪ ತಿದ್ದಿ ಪುನಃ ಕೊಟ್ಟೆ, ಅಷ್ಟೇ.”

ಮಾಸಿದ ಹಾಳೆಯಲ್ಲಿ ಅದೇ ಸಾಲು. ಅದರ ಕೆಳಗೆ ಕೆಂಪು ಶಾಯಿಯ ಗೆರೆ, ಅಂಚಿನಲ್ಲಿ ‘ಭೇಷ್!’ ಎಂಬ ಷರಾ. ಅಕ್ಷರ ನನ್ನದೇ. ಓದಿ, ಮೆಚ್ಚಿ, ಮರೆತು, ಆಮೇಲೆ ನನ್ನದೇ ಸಾಲೆಂದು ಬರೆದುಕೊಂಡಿದ್ದೆ.

“ಕೂತ್ಕೊಳ್ಳಿ ಸರ್, ಚಾಯ ತರಿಸ್ತೇನೆ,” ಅಂದರು ಹಮೀದ್.

ಅವರ ಪ್ರಬಂಧ ಈ ಸಲ ನನ್ನ ತಪ್ಪೊಪ್ಪಿಗೆಯ ಜೊತೆಗೇ ಅಚ್ಚಾಯಿತು. ನನ್ನ ಪುಸ್ತಕ ಮಾತ್ರ ಮೇಜಿನ ಮೇಲೆ ಮುಚ್ಚಿಯೇ ಇದೆ. ಉಳಿದ ಪುಟಗಳಲ್ಲಿ ಇನ್ನೂ ಯಾರ್ಯಾರಿದ್ದಾರೋ, ತೆರೆದು ನೋಡುವ ಧೈರ್ಯ ಬಂದಿಲ್ಲ.