ನೆರೆನಾಡಿನ ಜವೆಗೆ ನೀರೆರೆದ ಯಮ್ನಾ

ಟುನೀಶಿಯಾದ ಗುಡ್ಡದೂರು ಬೆನಿ ಖದ್ದಾಶಿನ ಕೆಳಗಿನ ಕಣಿವೆಗೆ ಬಿಸಿಲು ಇನ್ನೂ ಇಳಿದಿಲ್ಲ. ಕಲ್ಲೊಡ್ಡಿನ ಹಿಂದೆ ತಡೆದು ನಿಂತ ಮಣ್ಣಿನಲ್ಲಿ ಜವೆಗೋಧಿ ಮಾಗಿದೆ. ಯಮ್ನಾ ಸಾಲಿನ ನಡುವೆ ಬಗ್ಗಿ ತೆನೆಯೊಂದನ್ನು ಅಂಗೈಯಲ್ಲಿ ತಿಕ್ಕುತ್ತಾರೆ, ಕಾಳನ್ನು ಹಲ್ಲಿಗಿಟ್ಟು ಕಡಿಯುತ್ತಾರೆ. ಕಟಕ್ಕೆಂದರೆ ಕೊಯ್ಲು, ಮೆತ್ತಗಿದ್ದರೆ ಇನ್ನೂ ಕಾಯಬೇಕು. ಅಂಜೂರದ ಮರದಲ್ಲಿ ಗುಬ್ಬಿಗಳೂ ಕಾಯುತ್ತಿವೆ. "ನಿಮಗೂ ಇಲ್ಲ, ನನಗೂ ಇಲ್ಲ, ಸುಮ್ನೆ ಹೋಗ್ರೇ" ಎಂದು ಅವುಗಳನ್ನು ಗದರಿ, ಮುಂದಿನ ಸಾಲಿಗೆ ಹೋಗುತ್ತಾರೆ.

ಊರಂಚಿನ ಸಣ್ಣ ಬೀಜಭಂಡಾರದಲ್ಲಿ ಯಮ್ನಾ ಕೂಲಿಯಾಳು. ಕಳೆ ಕೀಳಲೆಂದು ಸೇರಿದವರು, ಕೀಳುತ್ತಲೇ ಅರವತ್ತು ದಾಟಿದ್ದಾರೆ. ತಣ್ಣನೆಯ ಕೋಣೆಯಲ್ಲಿ ಎಷ್ಟೇ ಜೋಪಾನವಾಗಿಟ್ಟರೂ ಬೀಜಕ್ಕೆ ಮುಪ್ಪು ಬರುತ್ತದೆ. ಅದು ಸಾಯುವ ಮೊದಲೇ ಬಿತ್ತಿ, ಬೆಳೆದು, ಹೊಸ ಬೀಜವನ್ನು ಒಳಗಿಡಬೇಕು. ಒಂದು ತಳಿಯ ಕಾಳು ಇನ್ನೊಂದರಲ್ಲಿ ಬೆರೆಯಬಾರದು. ಅದಕ್ಕೇ ಇಲ್ಲಿ ಯಂತ್ರ ಇಳಿಯುವುದಿಲ್ಲ, ಎಲ್ಲವೂ ಯಮ್ನಾ ಅವರ ಬೆರಳುಗಳ ಕೆಲಸ. ಚಳಿಗಾಲದಲ್ಲಿ ಆ ಬೆರಳುಗಳು ಮಡಚುವುದೇ ಕಷ್ಟ.

ಈ ಭಂಡಾರದಲ್ಲಿರುವುದು ಟುನೀಶಿಯಾದ ಬೀಜ ಮಾತ್ರವಲ್ಲ. ಸುತ್ತಲಿನ ಒಣನಾಡುಗಳೆಲ್ಲ ಸೇರಿ ಮಾಡಿಕೊಂಡ ಒಪ್ಪಂದವೊಂದಿದೆ: ಒಬ್ಬರ ಬೀಜದಲ್ಲಿ ಒಂದು ಪಾಲು ಇನ್ನೊಬ್ಬರಲ್ಲಿ ಇರಬೇಕು. ಭಂಡಾರದ ಅಧಿಕಾರಿ ದೌ ಇದನ್ನು ಮನೆಯ ಇನ್ನೊಂದು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಇಟ್ಟ ಹಾಗೆ ಎನ್ನುತ್ತಾರೆ.

ಆ ಬೀಗದ ಕೈ ಬೇಕಾದ ದಿನ ಬಂದೇಬಿಟ್ಟಿತು. ಕೆಲವು ವರ್ಷಗಳ ಹಿಂದೆ ಗಡಿಯಾಚೆ ಲಿಬಿಯಾದಲ್ಲಿ ಗುಂಡಿನ ಕಾಳಗದ ನಡುವೆ ಕರೆಂಟು ಹೋಗಿ, ಅಲ್ಲಿನ ಭಂಡಾರವೊಂದರ ಬೀಜವೆಲ್ಲ ಬೇಸಿಗೆಯಲ್ಲಿ ಬೆಂದುಹೋಯಿತು. ಆ ಕಡೆಯ ಗುಡ್ಡದ ಜವೆಯೊಂದಿತ್ತು, ಒಂದೇ ಮಳೆಗೆ ಎದ್ದು ಬಿಸಿಗಾಳಿ ಬರುವ ಮೊದಲೇ ತೆನೆ ಕಟ್ಟುವಂಥದು. ಅದು ಉಳಿದದ್ದು ನಮ್ಮಲ್ಲಿದ್ದ ಒಂದು ಪೊಟ್ಟಣದಲ್ಲಿ. ದೌ ಕೆಲವು ಕಾಳು ನೆನೆಸಿ ನೋಡಿದರೆ ಹೆಚ್ಚಿನವು ಮೊಳೆಯಲೇ ಇಲ್ಲ. ಉಳಿದವನ್ನು ಆ ವರ್ಷವೇ ಬಿತ್ತಬೇಕಾಯಿತು.

ಬಿತ್ತಿದರು. ಒಂದು ಮಳೆ ಬಂತು, ಪೈರು ಎದ್ದಿತು. ಆದರೆ ಹಳೆಯ ಬೀಜದ ಪೈರು, ಬೇರು ಇಳಿಸುವಷ್ಟು ಶಕ್ತಿಯಿಲ್ಲ. ಮತ್ತೆ ಮೋಡ ಕಾಣಲಿಲ್ಲ. ಭಂಡಾರದ ನೀರು ತಳ ಕಂಡಿತು. ಆಗ ಯಮ್ನಾ ತಮ್ಮ ಮನೆಯಂಗಳದ ಮಳೆನೀರ ತೊಟ್ಟಿಯ ಮುಚ್ಚಳ ತೆಗೆದು, ಕ್ಯಾನು ತುಂಬಿ, ಕತ್ತೆಯ ಮೇಲೆ ಹೇರಿದರು.

ಆ ತೊಟ್ಟಿ ಅವರೊಬ್ಬರದಲ್ಲ. ತೀರಿಹೋದ ಗಂಡನ ಅಕ್ಕ ಗಝಾಲಾ ಅವರದೂ ಹೌದು. ಕುರಿಗಳಿಗೂ ಅದೇ ನೀರು. ಗಝಾಲಾ ಕತ್ತೆಯ ಹಗ್ಗ ಹಿಡಿದು ನಿಂತರು.

"ನಮ್ಮ ಕುರಿ ಬಾಯಾರಿ ಒರಲ್ತಾ ಇವೆ, ನೀನು ಕಂಡೋರ ಜವೆಗೆ ನೀರು ಹೊಯ್ತೀಯಾ? ಅದೇನು ನಿನಗೆ ಹಾಲು ಕರೆಯುತ್ತಾ?"

"ಕುರಿ ಹೋದ್ರೆ ಸಂತೇಲಿ ಇನ್ನೊಂದು ಸಿಗುತ್ತೆ ಅತ್ತಿಗೆ. ಇದು ಹೋದ್ರೆ ಯಾವ ಸಂತೆಗೆ ಹೋಗ್ಲಿ?"

ಮಾತಿಗೆ ಆಡಿದ್ದಲ್ಲ ಅದು. ಮರುದಿನವೇ ತಮ್ಮ ಪಾಲಿನ ಕುರಿಗಳನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದರು, ಅವು ಕುಡಿಯುವ ನೀರನ್ನು ಪೈರಿಗೆ ಎರೆದರು. ಗಝಾಲಾ ಮಾತು ಬಿಟ್ಟರು. ಆ ರಂಜಾನಿನಲ್ಲಿ ಒಂದೇ ಅಂಗಳದಲ್ಲಿ ಎರಡು ಒಲೆ ಹೊತ್ತಿದವು. "ಉಪವಾಸ ಕಷ್ಟ ಆಗ್ಲಿಲ್ಲ. ಒಬ್ಬಳೇ ಕೂತು ಉಪವಾಸ ಬಿಡೋದು ಕಷ್ಟ ಆಯ್ತು" ಎನ್ನುತ್ತಾರೆ ಯಮ್ನಾ.

ಇಷ್ಟು ಹಟ ಯಾಕೆ ಎಂದು ನಾನು ಬಹಳ ಸಲ ಕೇಳಿದ್ದೇನೆ. ಈ ಊರಿಗೆ ಸೊಸೆಯಾಗಿ ಬಂದ ನನಗೆ ಉತ್ತರ ಸಿಕ್ಕಿದ್ದು ಈ ವರ್ಷ. ಯಮ್ನಾ ಚಿಕ್ಕವರಿದ್ದಾಗ ನಮ್ಮ ಕಣಿವೆಗೂ ತನ್ನದೇ ಜವೆಯಿತ್ತಂತೆ. ಕರಾವಳಿಯಿಂದ ಹೊಸ ಬೀಜ ಬರುತ್ತದೆಂದು ಸುದ್ದಿಯಾದ ಬರದ ವರ್ಷ, ಅವರ ತಾಯಿ ಬಿತ್ತಲಿಟ್ಟ ಕಾಳನ್ನೇ ಬೀಸುಕಲ್ಲಿಗೆ ಹಾಕಿದರು. ಎಲ್ಲ ಮನೆಗಳಲ್ಲೂ ಹಾಗೇ ಆಯಿತು.

"ಹಸಿವಾಗಿತ್ತು ಮಗಳೇ, ತಿಂದ್ವಿ. ರುಚಿಯಾಗೂ ಇತ್ತು. ಅದೇ ಕೊನೇದು ಅಂತ ಯಾರಿಗೂ ಹೊಳೀಲಿಲ್ಲ. ನಮ್ಮದನ್ನ ಇಟ್ಟುಕೊಂಡಿದ್ದ ನೆರೆಮನೇನೂ ಇರ್ಲಿಲ್ಲ."

ಗಡಿಯಾಚೆಯ ಜವೆ ಉಳಿಯಿತು. ಬಂದದ್ದು ಒಂದು ಮಡಿಲು ಕಾಳು. ಅದರಲ್ಲಿ ಒಂದು ಪಾಲು ಇಲ್ಲಿ, ಒಂದು ಪಾಲು ಇನ್ನೊಂದು ದೇಶದಲ್ಲಿ, ಮಿಕ್ಕಿದ್ದು ತನ್ನ ಗುಡ್ಡಕ್ಕೆ. ಎರಡು ವರ್ಷದ ಮೇಲೆ ಆ ಗುಡ್ಡದ ಯಖ್ಲೆಫ್ ಎಂಬ ಮುದುಕ ರೈತ ಗಡಿ ದಾಟಿ ಭಂಡಾರ ಹುಡುಕಿಕೊಂಡು ಬಂದರು. ಕೈಯಲ್ಲಿ ಆ ಜವೆಯನ್ನು ಹುರಿದು ಬೀಸಿದ ಹಿಟ್ಟು. ಯಮ್ನಾ ಅದನ್ನು ಆಲಿವ್ ಎಣ್ಣೆಯಲ್ಲಿ ಕಲೆಸಿ ಉಂಡೆ ಕಟ್ಟಿ, ಮೊದಲ ಉಂಡೆಯನ್ನು ಗಝಾಲಾ ಅವರ ಮುಂದಿಟ್ಟರು.

ಗಝಾಲಾ ನಿಧಾನವಾಗಿ ಅಗಿದರು. ಕೊನೆಗೆ ಅಂದರು: "ಪರವಾಗಿಲ್ಲ. ನಮ್ಮ ತೊಟ್ಟಿ ನೀರಿನ ರುಚಿ ಇದೆ." ಅಂದು ಸಂಜೆ ಒಂದೇ ಒಲೆ ಹೊತ್ತಿತು.

ಮುಂದಿನ ವರ್ಷ ಯಮ್ನಾ ಕೆಲಸ ಬಿಡುತ್ತಾರೆ. ಏನಾದರೂ ಆಸೆ ಉಳಿದಿದೆಯೇ ಎಂದು ಕೇಳುತ್ತೇನೆ. ಅವರು ಕೊಯ್ದ ತೆನೆಗಳನ್ನು ಕಟ್ಟಿ ಪಕ್ಕಕ್ಕಿಡುತ್ತಾರೆ.

"ಯಖ್ಲೆಫಣ್ಣನ ಗುಡ್ಡ ಇಲ್ಲಿಂದ ಒಂದು ದಿನದ ದಾರಿಯಂತೆ. ನಾನು ಗಡಿ ದಾಟಿದವಳೇ ಅಲ್ಲ. ಒಂದ್ಸಲ ಹೋಗ್ಬೇಕು. ಇಲ್ಲಿ ನಾನು ನೋಡಿದ್ದು ನಾಲ್ಕು ಸಾಲು ಪೈರು ಅಷ್ಟೆ. ಗುಡ್ಡದ ತುಂಬ ನಿಂತಾಗ ಅದು ಗಾಳಿಗೆ ಹೆಂಗೆ ತೂಗುತ್ತೋ, ನೋಡ್ಬೇಕು."