ರಾಕ್ಷಸನ ಪರವಾಗಿ ಬರೆದ ಉತ್ತರ

ನಾಲ್ಕು ವರ್ಷದವಳಿದ್ದಾಗ ನೂಲಿಗೆ ಬಣ್ಣ ಹಾಕುವ ಹಂಡೆಯ ಕುದಿನೀರು ಸಿಡಿದು ನನ್ನ ಎಡಗೆನ್ನೆ ಸುಟ್ಟಿತ್ತು. ಇಳಕಲ್ಲಿನ ನಮ್ಮ ಓಣಿಯಲ್ಲಿ ಮನೆಮನೆಗೂ ಮಗ್ಗ, ಎಲ್ಲರಿಗೂ ಈ ಸಂಗತಿ ಗೊತ್ತು. ಯಾರೂ ನನ್ನ ಮಾರಿಯನ್ನು ಎರಡನೇ ಸಲ ನೋಡುತ್ತಿರಲಿಲ್ಲ. ಹೈಸ್ಕೂಲಿಗೆ ಹೋದ ಮೇಲೆ ಸುತ್ತಲಿನ ಹಳ್ಳಿಗಳಿಂದ ಬಂದವರು ನೋಡತೊಡಗಿದರು. ಎಡಗೆನ್ನೆ ಗೋಡೆಯ ಕಡೆಗಿರುವಂತೆ ಕೂಡುವುದನ್ನು ಕಲಿತೆ.

ಎಪ್ಪತ್ತರ ದಶಕದ ಕೊನೆ. ಹತ್ತನೇ ಇಯತ್ತೆಯ ಇಂಗ್ಲಿಷ್ ಪುಸ್ತಕದಲ್ಲಿ ಒಂದು ಭಯಾನಕ ಕಥೆಯಿತ್ತು. ಯಾವುದೋ ಚಳಿ ದೇಶ, ಪಾಳುಬಿದ್ದ ದೊಡ್ಡ ವಾಡೆ, ಅದರ ನೆಲಮಾಳಿಗೆಯಲ್ಲಿ ವಿಕಾರ ಮುಖದ ರಾಕ್ಷಸ. ಒಂದು ದಿನ ಬಿಸಿಲು ಕಾಣಲು ಹೊರಗೆ ಬರುತ್ತಾನೆ. ಊರವರು ಕಲ್ಲೊಗೆದು ಕೊಲ್ಲುತ್ತಾರೆ. ನಮ್ಮ ಇಂಗ್ಲಿಷ್ ಸರ್ ದನಿ ನಡುಗಿಸಿ ಓದಿದರು. ಸುಕ್ಕುಗಟ್ಟಿದ ಚರ್ಮ, ಸೊಟ್ಟ ಬಾಯಿ ಎಂಬ ವರ್ಣನೆ ಬಂದಾಗ ಮುಂದಿನ ಬೆಂಚಿನವಳು ತಿರುಗಿ ನನ್ನನ್ನು ನೋಡಿದಳು. ಆಮೇಲೆ ಇನ್ನೊಬ್ಬಳು. ಮರುದಿನ ನನ್ನ ಬೆಂಚಿನ ಮೇಲೆ ಸೀಮೆಸುಣ್ಣದಲ್ಲಿ ‘ರಾಕ್ಷಸಿ’ ಎಂದು ಬರೆದಿತ್ತು. ನಾನು ಒರೆಸಲಿಲ್ಲ. ಅದರ ಮೇಲೇ ಪುಸ್ತಕ ಬಿಚ್ಚಿಟ್ಟುಕೊಂಡು ಕೂತೆ.

ಅವತ್ತೇ ಸರ್ ನನ್ನನ್ನು ಎಬ್ಬಿಸಿ ಕೇಳಿದರು, ಊರವರು ರಾಕ್ಷಸನನ್ನು ಯಾಕೆ ಕೊಂದರು? ಅವನು ಕ್ರೂರಿಯಾಗಿದ್ದ ಎಂದು ನೋಟ್ಸಿನಲ್ಲಿ ಆಗಲೇ ಬರೆಸಿದ್ದರು.

“ಅವ ಯಾರಿಗೂ ಏನೂ ಮಾಡಿಲ್ರಿ ಸರ್. ಬರೇ ಮಾರಿ ನೋಡಿ ಕೊಂದಾರ್ರಿ.”

“ನೋಟ್ಸಿನ್ಯಾಗ ಏನೈತಿ, ಅದನ್ನ ಹೇಳು.”

“ಅದು ಸುಳ್ಳೈತ್ರಿ.”

ನೋಟ್ಸಿನ ಉತ್ತರವನ್ನು ಐದು ಸಲ ಬರೆದು ತರಬೇಕೆಂದು ಸರ್ ಶಿಕ್ಷೆ ಕೊಟ್ಟರು.

“ಬರದು ಕೊಟ್ಟುಬಿಡು, ನಿಂದೇನ ಹೋಗತೈತಿ?” ಎಂದಳು ಅವ್ವ. ಬರೆದೆ, ಐದು ಸಲವೂ ನನ್ನ ಉತ್ತರವನ್ನೇ. ನನ್ನ ಇಂಗ್ಲಿಷ್ ತಪ್ಪುತಪ್ಪಾಗಿತ್ತು. ಆದರೂ ಅವನು ಯಾರನ್ನೂ ಮುಟ್ಟಿಲ್ಲವೆಂಬುದನ್ನು ಪುಟಪುಟ ಹಿಡಿದು ತೋರಿಸಿದ್ದೆ.

ಮರುದಿನ ಸ್ಟಾಫ್ ರೂಮಿನಲ್ಲಿ ಸರ್ ನನ್ನ ವಹಿ ನೋಡಿದರು. ಮೇಜಿನ ಮೇಲೆ ಬೆತ್ತವಿತ್ತು. ನಾನಾಗಿಯೇ ಕೈ ಚಾಚಿ ನಿಂತೆ. ಅವರು ಬೆತ್ತ ಮುಟ್ಟದೆ, ಪುಸ್ತಕ ತೆಗೆದು ಆ ಕಥೆಯನ್ನು ಮೊದಲಿನಿಂದ ಮನಸ್ಸಿನಲ್ಲೇ ಓದಿಕೊಂಡರು.

“ನೀ ಬರದದ್ದು ಖರೆ ಐತಿ,” ಎಂದರು ಕೊನೆಗೆ. “ಆದ್ರ ಪರೀಕ್ಷಾದಾಗ ಪೇಪರ್ ತಿದ್ದಾವ್ರು ಇದಕ್ಕ ಮಾರ್ಕ್ಸ್ ಕೊಡೂದಿಲ್ಲ.”

“ಕೊಡದಿದ್ರ ಬ್ಯಾಡ್ರಿ.”

ನೋಟ್ಸನ್ನು ಅವರು ಬದಲಿಸಲಿಲ್ಲ. ಆದರೆ ಕ್ಲಾಸಿಗೆ ಬಂದು, “ಆ ರಾಕ್ಷಸ ತಪ್ಪು ಮಾಡಿದ ಜಾಗಾ ಯಾರರ ತೋರಿಸ್ರಿ,” ಎಂದರು. ಎಲ್ಲರೂ ಹಾಳೆ ತಿರುವಿದರು. ಯಾರಿಗೂ ಸಿಗಲಿಲ್ಲ. ಮುಂದಿನ ಬೆಂಚಿನವಳು ಪುಸ್ತಕದಿಂದ ತಲೆ ಎತ್ತಲಿಲ್ಲ. ನಾನು ಗೋಡೆಯ ಬದಿ ಬಿಟ್ಟು, ಬೆಂಚಿನ ಈಚೆ ತುದಿಗೆ ಸರಿದು ಕೂತೆ.

ಹುನಗುಂದದ ಕೇಂದ್ರದಲ್ಲಿ ಬರೆದ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಅದೇ ಪ್ರಶ್ನೆ ಬಂತು. ನಾನು ಬರೆದದ್ದೂ ಅದೇ ಉತ್ತರ. ಇಂಗ್ಲಿಷಿನಲ್ಲಿ ಹೇಗೋ ಪಾಸಾದೆ. ಮಾರ್ಕ್ಸ್ ಮಾತ್ರ ಉಳಿದ ವಿಷಯಗಳಿಗಿಂತ ಭಾಳ ಕಡಿಮೆ.

ಮಾರ್ಕ್ಸ್ ಕಾರ್ಡ್ ನೋಡಿ ಸರ್, “ನಾ ಹೇಳಿದ್ದೆ,” ಎಂದರು.

“ಇನ್ನೊಮ್ಮೆ ಕೇಳಿದ್ರೂ ಅದನ್ನ ಬರೀತೇನ್ರಿ.”

ಅವರು ಕಾರ್ಡ್ ಮಡಚಿ ನನ್ನ ಕೈಗೆ ಕೊಟ್ಟು, ಕಾಲೇಜಿಗೆ ಹೆಸರು ಹಚ್ಚಲು ಯಾವಾಗ ಹೋಗುತ್ತೀ ಎಂದು ಕೇಳಿದರು.