ಜೆರೋಮ್ ಪೊರ್ಬುಗಳ ಹಗೆ

ಜೆರೋಮ್ ಪೊರ್ಬುಗಳು ದೇವರಂಥ ಮನುಷ್ಯ ಎಂದು ಪಡೀಲ್‌ನಲ್ಲಿ ಎಲ್ಲರೂ ಹೇಳುತ್ತಾರೆ. ಶುದ್ಧ ಸುಳ್ಳು. ಅಷ್ಟು ಹಗೆ ಇಟ್ಟುಕೊಂಡು ಬದುಕಿದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಆ ಹಗೆಯ ನೆರಳಿನಲ್ಲಿ ನಾನೂ ನಿಂತವಳು, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಕ್ರೈಸ್ತ ಹಿರಿಯರನ್ನು ಪೊರ್ಬುಗಳು, ಹೆಂಗಸರನ್ನು ಬಾಯಮ್ಮ ಎನ್ನುವುದು ನಮ್ಮ ತುಳುವರ ವಾಡಿಕೆ. ಇವರು ನಮ್ಮ ನೆರೆಮನೆಯವರು. ಮೂವತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು, ಅದರಲ್ಲಿ ಹೆಚ್ಚಿನ ಕಾಲ ಉರ್ವದ ಬಸ್ ಮಾಲಕ ಲಯನೆಲ್ ಧನಿಯ ಕೈಕೆಳಗೆ. ಈ ಧನಿಗೆ ಬಹುವಚನ ಕೊಡಲು ನನಗೆ ಮನಸ್ಸಿಲ್ಲ, ಓದುವವರು ಸಹಿಸಿಕೊಳ್ಳಬೇಕು. ಹದಿನೇಳು ವರ್ಷಗಳ ಹಿಂದೆ ಪೊರ್ಬುಗಳ ಹೆಂಡತಿ ವೆರೋನಿಕಾ ಬಾಯಮ್ಮನಿಗೆ ಕ್ಯಾನ್ಸರ್ ಆಯಿತು. ನಮ್ಮ ಮಂಗಳೂರಿನ ಖಾಸಗಿ ಬಸ್ಸಿನವರಲ್ಲಿ ಒಂದು ಪದ್ಧತಿ ಇದೆ. ಯಾರಿಗಾದರೂ ದೊಡ್ಡ ಕಾಯಿಲೆ ಬಂದರೆ ಒಂದು ದಿನ ಬಸ್ಸನ್ನು ಅವರಿಗಾಗಿ ಓಡಿಸುತ್ತಾರೆ. ಆ ದಿನ ಟಿಕೆಟ್ ಹರಿಯುವುದಿಲ್ಲ. ಕಂಡಕ್ಟರ್ ಬಕೆಟ್ ಹಿಡಿದು ಬರುತ್ತಾನೆ, ಜನ ಮನಸ್ಸಿಗೆ ಬಂದಷ್ಟು ಹಾಕುತ್ತಾರೆ. ಅಂಥ ಒಂದು ದಿನವನ್ನು ಕೇಳಲು ಪೊರ್ಬುಗಳು ಒಬ್ಬರೇ ಧನಿಯ ಮನೆಗೆ ಹೋಗಿದ್ದರು.

"ಇವತ್ತು ನಿನಗೆ ಕೊಟ್ಟರೆ ನಾಳೆ ಇನ್ನೊಬ್ಬ ಬರ್ತಾನೆ. ನನ್ನ ಬಸ್ ಎಂತ ಆಂಬ್ಯುಲೆನ್ಸಾ?" ಎಂದು ಹೇಳಿ ಧನಿ ಗೇಟು ಹಾಕಿಕೊಂಡ. ಚಿಕಿತ್ಸೆ ಅರ್ಧಕ್ಕೆ ನಿಂತಿತು. ಬಾಯಮ್ಮ ಆರು ತಿಂಗಳಲ್ಲಿ ಹೋಗಿಬಿಟ್ಟರು.

ಪೊರ್ಬುಗಳು ಅಳಲಿಲ್ಲ, ಕುಡಿಯಲಿಲ್ಲ, ಧನಿಯ ಮೇಲೆ ಕೈ ಮಾಡಲೂ ಇಲ್ಲ. ಕೆಲಸ ಬಿಟ್ಟು ಬೇರೆಯವರ ಬಸ್ಸಿಗೆ ಸೇರಿದರು. ಆಮೇಲೆ ನಮ್ಮ ಕಡೆ ಯಾರಿಗೆ ಕ್ಯಾನ್ಸರ್ ಆದರೂ, ಹಿಂದುವಾಗಲಿ, ಬ್ಯಾರಿ ಮುಸ್ಲಿಮರಾಗಲಿ, ಅವರ ಮನೆಯವರನ್ನೂ ನಲವತ್ತು ಜನರನ್ನೂ ಕರೆದುಕೊಂಡು ಮೊದಲು ಹೋಗುತ್ತಿದ್ದುದು ಲಯನೆಲ್ ಧನಿಯ ಗೇಟಿಗೆ. ಅವನು ಪ್ರತಿ ಸಲವೂ ಇಲ್ಲ ಎನ್ನುತ್ತಿದ್ದ. ಅದನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು ಊರಿಗೆಲ್ಲ ಹಂಚುತ್ತಿದ್ದರು. ಮರುದಿನ ಉಳಿದ ಮಾಲಕರು, ನಾವು ಅವನಂಥವರಲ್ಲ ಎಂದು ತೋರಿಸಲು, ನಾನು ತಾನು ಎಂದು ಬಸ್ಸು ಕೊಡುತ್ತಿದ್ದರು. ರೋಗಿಗೆ ಸಹಾಯ ಆಯಿತು, ಧನಿಯ ಮುಖಕ್ಕೆ ಮಸಿಯೂ ಆಯಿತು.

ಕಳೆದ ವರ್ಷ ನನ್ನ ಮಗಳು ನಿರೀಕ್ಷಾಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಏಳು ವರ್ಷದ ಮಗು. ನನ್ನ ಗಂಡ ರೋಷನ್ ಬಜಪೆಯಲ್ಲಿ ಟ್ಯಾಕ್ಸಿ ಓಡಿಸುತ್ತಾರೆ. ಟ್ಯಾಕ್ಸಿಯನ್ನು ಮಾರಿದರೂ ಸಾಲದು. ಹತ್ತು ದಿನದೊಳಗೆ ಚಿಕಿತ್ಸೆ ಶುರು ಮಾಡಲೇಬೇಕು ಎಂದರು ಡಾಕ್ಟರು. ಸಂಜೆಯೇ ಪೊರ್ಬುಗಳು ಬಾಗಿಲಿಗೆ ಬಂದು, "ಪ್ರಣೀತಾ, ಚಪ್ಪಲಿ ಹಾಕು. ಹೋಗುವ," ಎಂದರು.

ನಾವು ನಲವತ್ತು ಜನ ಹೋಗಿ ನಿಂತೆವು. ಧನಿ ಹೊರಗೆ ಬಂದ, ಎಲ್ಲರನ್ನೂ ನೋಡಿ ನಕ್ಕ. "ಮಗುವಿಗಲ್ವಾ? ಆಯ್ತು. ಭಾನುವಾರ ಒಂದು ಬಸ್ ತಗೊಂಡು ಹೋಗಿ," ಎಂದ.

ನನಗೆ ಅವನ ಕಾಲು ಹಿಡಿಯುವಷ್ಟು ಸಂತೋಷವಾಯಿತು. ಪೊರ್ಬುಗಳ ಮುಖ ಮಾತ್ರ ಕಪ್ಪಿಟ್ಟಿತು. "ನಿಮ್ಮ ಬಸ್ ಬೇಡ," ಎಂದು ತಿರುಗಿ ನಡೆದೇ ಬಿಟ್ಟರು.

ರಸ್ತೆಯಲ್ಲೇ ಅವರ ಅಂಗಿ ಹಿಡಿದು ಕೇಳಿದೆ. "ನಿಮ್ಮ ಹಗೆಗೆ ನನ್ನ ಮಗು ಸಾಯ್ಬೇಕಾ ಪೊರ್ಬುಗಳೇ?"

"ಭಾನುವಾರ ಬಸ್ಸಲ್ಲಿ ಯಾರು ಉಂಟು ಮಾರಾಯ್ತಿ? ಅವನು ಕೊಟ್ಟ ಅಂತ ಗೊತ್ತಾದ್ರೆ ಬೇರೆಯವರು ಯಾರೂ ಕೊಡುದಿಲ್ಲ. ನೋಡು ಬೇಕಾದರೆ."

ಹಾಗೆಯೇ ಆಯಿತು. ಲಯನೆಲ್ ಕೊಟ್ಟಿದ್ದಾನಲ್ಲ, ಮತ್ತೇನು ಎಂದು ಉಳಿದವರೆಲ್ಲ ಕೈ ತೊಳೆದುಕೊಂಡರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ದಾನ ಅವನದು. ನನ್ನ ಮಗುವಿನ ಉಸಿರಿನ ಜೊತೆ ಅವನು ಆಟ ಆಡಿದ್ದ. ಅವತ್ತಿನಿಂದ ಆ ಹಗೆ ನನ್ನದೂ ಆಯಿತು. ಅವನ ಹೆಸರು ಕೇಳಿದರೆ ಈಗಲೂ ಹಲ್ಲು ಕಡಿಯುತ್ತೇನೆ.

ಎರಡು ದಿನ ಕಳೆಯಿತು. ಶನಿವಾರ ಪೊರ್ಬುಗಳು ಹೋಗಿ, ಬೇಡ ಎಂದಿದ್ದ ಅದೇ ಬಸ್ಸನ್ನು ತಂದರು. ಅದರ ನೆತ್ತಿಯ ಮೇಲೆ ಧನಿಯ ಮಗಳು ಸಿಂಥಿಯಾಳ ಹೆಸರು ದೊಡ್ಡದಾಗಿ ಬರೆದಿತ್ತು. ಪೊರ್ಬುಗಳು ಅದರ ಮೇಲೆ ಬಟ್ಟೆಯ ಬ್ಯಾನರ್ ಕಟ್ಟಿದರು. ಅದರಲ್ಲಿ ಇದ್ದುದು ಒಂದೇ ಪದ, ವೆರೋನಿಕಾ.

ಭಾನುವಾರ ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ ಮುಗಿಯುವ ಹೊತ್ತಿಗೆ ಬಸ್ಸು ಸರಿಯಾಗಿ ಅದರ ಎದುರು ನಿಂತಿತ್ತು. ಧನಿಯ ಕುಟುಂಬ ಪ್ರತಿ ವಾರ ಬರುವ ಚರ್ಚು ಅದು. ಜನ ಹೊರಗೆ ಬಂದು ಮೇಲೆ ನೋಡಿದರು, ಹಳಬರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊರ್ಬುಗಳು ಫುಟ್‌ಬೋರ್ಡಿನ ಮೇಲೆ ನಿಂತು, ಸ್ಟಾಪ್ ಕೂಗುವ ಅದೇ ಗಂಟಲಿನಲ್ಲಿ ಹೇಳಿದರು. "ನನ್ನ ಹೆಂಡತಿಗೆ ಅಂತ ಹದಿನಾರು ವರ್ಷದ ಹಿಂದೆ ಕೇಳಿದ ಬಸ್ ಇದು. ಇವತ್ತು ಬಂತು. ಅವಳಿಗೆ ಲೇಟಾಯ್ತು. ಈ ಮಗುವಿಗೆ ಲೇಟಾಗುದು ಬೇಡ."

ಧನಿ ಮೆಟ್ಟಿಲ ಮೇಲೆ ಹೆಂಡತಿ ಮಗಳ ನಡುವೆ ನಿಂತಿದ್ದ. ಮಗಳು ಸಿಂಥಿಯಾ, "ಡ್ಯಾಡಿ, ಹೌದಾ?" ಎಂದು ಕೇಳಿದಳು. ಅವನು ಇಷ್ಟು ಜನರ ಕಣ್ಣೆದುರು ಕೆಳಗಿಳಿದು ಬಂದು ಪೊರ್ಬುಗಳಿಗೆ ಮೆಲ್ಲಗೆ ಹೇಳಿದ. "ನಾಳೆ ನನ್ನ ಐದೂ ಬಸ್ ಕೊಡ್ತೇನೆ ಜೆರೋಮ್. ಆ ಹೆಸರು ತೆಗಿ."

ಸೋಮವಾರದ ಐದು ಬಸ್ಸೆಂದರೆ ಮಗುವಿನ ಚಿಕಿತ್ಸೆ. ತೆಗೆಯಿರಿ ಎಂದು ಹೇಳಲು ನಾನು ಬಾಯಿ ತೆರೆದಿದ್ದೆ.

ಪೊರ್ಬುಗಳು ಎಲ್ಲರಿಗೂ ಕೇಳುವಂತೆ ಕೂಗಿದರು. "ಧನಿಗಳು ನಾಳೆ ಐದೂ ಬಸ್ ಕೊಡ್ತಾರಂತೆ! ಐದಕ್ಕೂ ವೆರೋನಿಕಾ ಅಂತ ಹೆಸರಂತೆ!"

ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಇಲ್ಲ ಎನ್ನಲು ಅವನಿಗೆ ನಾಲಗೆ ಏಳಲಿಲ್ಲ. ಸೋಮವಾರ ಐದು ವೆರೋನಿಕಾಗಳು ಊರಿಡೀ ಓಡಿದವು, ಅವನ ಗೇಟಿನ ಮುಂದೆಯೂ ಹಾರ್ನ್ ಹೊಡೆಯುತ್ತಾ ಹೋದವು. ಬುಧವಾರ ನಿರೀಕ್ಷಾಳ ಚಿಕಿತ್ಸೆ ಶುರುವಾಯಿತು.

ಇಷ್ಟಾದ ಮೇಲಾದರೂ ಪೊರ್ಬುಗಳು ಅವನನ್ನು ಬಿಟ್ಟರು ಎಂದುಕೊಂಡಿದ್ದೆ. ಎಲ್ಲಿಯ ಮಾತು! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಹೋದ ತಿಂಗಳು ಬಜಪೆಯ ನುಸೈಬಾ ಎಂಬವರಿಗೆ ಕಾಯಿಲೆ ಎಂದು ಗೊತ್ತಾದಾಗ ಮತ್ತೆ ಉರ್ವಕ್ಕೆ ಹೊರಟೆವು. ಪೊರ್ಬುಗಳಿಗೆ ಮಂಡಿ ನೋವು. ಈ ಸಲ ಎಲ್ಲರ ಮುಂದೆ ನಾನೇ ನಿಂತಿದ್ದೆ.

ಧನಿ ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ನನ್ನ ಗುರುತು ಹಿಡಿದು, ಒಳ್ಳೆಯ ಮಾತು ಕೇಳುವ ಆಸೆಯಿಂದಲೋ ಏನೋ, "ನಿಮ್ಮ ಮಗಳು ಹೇಗಿದ್ದಾಳೆ?" ಎಂದು ಕೇಳಿದ.

"ಇದ್ದಾಳೆ. ಶಾಲೆಗೆ ಹೋಗ್ತಾಳೆ," ಎಂದೆ. "ವೆರೋನಿಕಾ ಬಾಯಮ್ಮ ಇಲ್ಲ."